ವಾಪಸ್ ಹೋಗೋ ಕರೆಂಟಿಗೆ ದುಡ್ಡು ಯಾಕೆ?

ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡವನ ಮುಂದೆ ಇಡೀ ಮನೆ ಕೈಕಟ್ಟಿ ನಿಲ್ಲುತ್ತದೆ. ಅವನು ಸ್ವಿಚ್‌ಬೋರ್ಡಿನ ಎರಡು ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, ‘ಹೂಂ...’ ಅಂದರೆ ಸಾಕು, ಕಾಫಿ ಬರುತ್ತದೆ. ‘ಲೋಡ್ ಜಾಸ್ತಿ ಆಗಿದೆ’ ಅಂದರೆ ಕಾಫಿಯ ಜೊತೆಗೆ ಚಕ್ಕುಲಿಯೂ ಬರುತ್ತದೆ. ಯಾವ ಲೋಡು, ಎಲ್ಲಿ ಜಾಸ್ತಿಯಾಯಿತು, ಯಾರ ತಲೆ ಮೇಲೆ ಹೊರಿಸಿದರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಮಗೆ ಗೊತ್ತಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದಲ್ಲ!

ನಮ್ಮ ಭಾವ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇಂಥದೊಂದು ಟೆಸ್ಟರ್ ಧರಿಸತೊಡಗಿದರು. ಬೀದಿಯಲ್ಲಿ ಯಾರ ಮನೆಯ ಟ್ಯೂಬ್‌ಲೈಟ್ ಮಿಣುಕಿದರೂ ಇವರು ಅಲ್ಲಿ ಹಾಜರು. ಹೊರಗೆ ಅವರಿಗೆ ಒಳ್ಳೆಯ ಹೆಸರಿದೆ. ಕಷ್ಟ ಇರುವುದು ಮನೆಯೊಳಗೆ, ಅವರ ತಾಯಿಯ ರೂಪದಲ್ಲಿ. ಆಕೆ ನನಗೆ ಸೋದರತ್ತೆ. ಹಾಲಿನ ಲೆಕ್ಕ, ಪೇಪರಿನ ಲೆಕ್ಕ, ಹೂವಿನವಳ ಲೆಕ್ಕ ಎಲ್ಲವನ್ನೂ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟು, ನಾಲ್ಕಾಣೆ ಕೂಡದಿದ್ದರೆ ರಾತ್ರಿ ನಿದ್ದೆ ಮಾಡದ ಹೆಂಗಸು. ಆಕೆಗೆ ಓಮ್ ಗೊತ್ತಿರುವುದು ಪೂಜೆಯಲ್ಲಿ ಮಾತ್ರ. ಹಾಗಾಗಿಯೇ ಆಕೆ ಕೇಳುವ ಪ್ರಶ್ನೆಗಳಿಗೆ ಇಂಜಿನಿಯರುಗಳೂ ಒಂದು ನಿಮಿಷ ಆಕಾಶ ನೋಡಬೇಕಾಗುತ್ತದೆ.

ಮೊದಲ ಪ್ರಶ್ನೆ ಟೆಸ್ಟರಿನ ಮೇಲೆಯೇ ಬಿತ್ತು. ‘ಅಲ್ಲ ಕಣೋ, ಅದರ ತುದೀನ ಪ್ಲಗ್ಗಿಗೆ ಚುಚ್ಚಿದ್ದು ಸರಿ, ಹಿಂದೆ ಹೆಬ್ಬೆರಳು ಯಾಕೆ ಒತ್ತಿ ಹಿಡ್ಕೋತೀಯ?’

‘ಹಿಡ್ಕೋಬೇಕು ಅಮ್ಮ, ಹಿಡ್ಕೊಳ್ಳದಿದ್ರೆ ಉರಿಯಲ್ಲ.’

‘ಅದೇ ಯಾಕೆ ಅಂತ?’

ಭಾವನಿಗೆ ಅಷ್ಟರಲ್ಲಿ ಪಕ್ಕದ ಮನೆಯಿಂದ ಯಾರೋ ಕರೆದ ಹಾಗಾಯಿತು. ನಿಜ ಸಂಗತಿ ಸ್ವಲ್ಪ ಮುಜುಗರದ್ದು. ಟೆಸ್ಟರಿನ ಪಾರದರ್ಶಕ ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಕಡ್ಡಿಯಷ್ಟು ಗಾತ್ರದ ಒಂದು ನಿಯಾನ್ ದೀಪ, ಅದರ ಬೆನ್ನಿಗೆ ಒಂದು ಪುಟ್ಟ ರೆಸಿಸ್ಟರ್, ಅದರ ಹಿಂದೆ ಒಂದು ಸ್ಪ್ರಿಂಗು, ಕೊನೆಗೆ ಒಂದು ಲೋಹದ ಟೋಪಿ. ದೀಪ ಉರಿಯಬೇಕಾದರೆ ಕರೆಂಟು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬೇಕು. ಆ ಇನ್ನೊಂದು ಕಡೆಯೇ ಭಾವ. ಕರೆಂಟು ಅವರ ಹೆಬ್ಬೆರಳಿನಿಂದ ಒಳಹೊಕ್ಕು ಮೈಯಲ್ಲಿ ಹಾದು ನೆಲ ಸೇರುತ್ತದೆ. ಹತ್ತು ಲಕ್ಷ ಓಮಿನ ಆಸುಪಾಸಿನ ಆ ರೆಸಿಸ್ಟರ್ ಅಡ್ಡ ಕೂತಿರುವುದರಿಂದ ಹರಿಯುವುದು ಮಿಲಿಆಂಪಿಯರಿನ ಕಾಲುಭಾಗವೂ ಅಲ್ಲ, ಮೈಗೆ ಗೊತ್ತೇ ಆಗುವುದಿಲ್ಲ. ಪ್ಲಾಸ್ಟಿಕ್ ಸ್ಟೂಲು ಹತ್ತಿ ನಿಂತರೂ ಮಂಕಾಗಿಯಾದರೂ ಉರಿಯುತ್ತದೆ. ಆಗ ಭಾವನ ಮೈ, ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಹೇಳುವುದಾದರೆ, ಕಂಡೆನ್ಸರ್. ‘ಅಂದ್ರೆ ಇವನು ಕರೆಂಟ್ ನೋಡೋನಲ್ಲ, ಇವನೇ ವೈರು ಅನ್ನು’ ಎಂದರು ಅತ್ತೆ.

ಎರಡನೆಯದು ಕಾಗೆಯ ಪ್ರಶ್ನೆ. ಇದು ಹಳೆಯದು, ಎಲ್ಲ ಮಕ್ಕಳೂ ಕೇಳಿ ಏಟು ತಿಂದದ್ದು. ತಂತಿ ಮೇಲೆ ಕೂತ ಕಾಗೆಗೆ ಶಾಕ್ ಯಾಕೆ ಹೊಡೆಯಲ್ಲ? ‘ಅದಕ್ಕೆ ಅರ್ಥಿಂಗ್ ಇಲ್ಲ’ ಎಂದರು ಭಾವ. ಯಾವ ಪ್ರಶ್ನೆ ಕೇಳಿದರೂ ಅರ್ಥಿಂಗ್ ಅನ್ನುವುದು ಅವರಿಗೆ ಅಭ್ಯಾಸ. ಈ ಸಲ ಆಕಸ್ಮಿಕವಾಗಿ ಸರಿಯಾಯಿತು. ಕಾಗೆಯ ಎರಡು ಕಾಲೂ ಒಂದೇ ತಂತಿಯ ಮೇಲೆ, ಒಂದಕ್ಕೂ ಇನ್ನೊಂದಕ್ಕೂ ವೋಲ್ಟೇಜಿನ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ವ್ಯತ್ಯಾಸ ಇಲ್ಲದ ಕಡೆ ಕರೆಂಟಿಗೆ ಹರಿಯುವ ಕಾರಣವೇ ಇಲ್ಲ. ಅದೇ ಅಗಲ ರೆಕ್ಕೆಯ ಬಾವಲಿ ಒಂದು ತಂತಿಯಲ್ಲಿ ಕಾಲು, ಇನ್ನೊಂದಕ್ಕೆ ರೆಕ್ಕೆ ತಾಗಿಸಿತೋ, ಅಲ್ಲೇ ನೇತಾಡುತ್ತಾ ಒಣಗುವುದನ್ನು ಊರ ಹೊರಗೆ ಎಲ್ಲರೂ ನೋಡಿದ್ದಾರೆ.

‘ಹಾಗಾದ್ರೆ ನಾನೂ ಒಂದೇ ತಂತಿ ಮುಟ್ಟಿದ್ದೆ ಕಣೋ, ಆ ಮಿಕ್ಸಿದು. ಯಾಕೆ ಒದೀತು?’ ಇದು ಕಾಗೆಗಿಂತ ಒಳ್ಳೆಯ ಪ್ರಶ್ನೆ. ಒದ್ದದ್ದು ಯಾಕೆಂದರೆ ಅತ್ತೆ ನಿಂತದ್ದು ನೆಲದ ಮೇಲೆ, ನೆಲವೇ ಎರಡನೆಯ ತಂತಿ. ಬೀದಿ ಮೂಲೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಅಲ್ಲಿ ನ್ಯೂಟ್ರಲ್ಲನ್ನು ಭೂಮಿಗೆ ಕಟ್ಟಿರುತ್ತಾರೆ. ಹಾಗಾಗಿ ನೀವು ನೆಲದಲ್ಲಿ ಕಾಲಿಟ್ಟ ಕ್ಷಣವೇ ಸರ್ಕ್ಯೂಟಿನ ಅರ್ಧ ಮುಗಿದಿರುತ್ತದೆ. ಉಳಿದರ್ಧವನ್ನು ಕೈ ಪೂರೈಸುತ್ತದೆ.

ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಅವತ್ತು ಕರೆಂಟ್ ಬಿಲ್ಲು ಬಂತು. ‘ಫೇಸಲ್ಲಿ ಬಂದ ಕರೆಂಟು ನ್ಯೂಟ್ರಲ್ಲಲ್ಲಿ ವಾಪಸ್ ಹೋಗುತ್ತೆ’ ಎಂದು ಭಾವ ಹಿಂದಿನ ದಿನವಷ್ಟೇ ಪಾಠ ಮಾಡಿದ್ದರು.

‘ಎಷ್ಟು ಬರುತ್ತೋ ಅಷ್ಟೂ ವಾಪಸ್ ಹೋಗುತ್ತಾ?’

‘ಅಷ್ಟೂ ಹೋಗುತ್ತಮ್ಮ.’

‘ಒಂದು ಚೂರೂ ಖರ್ಚಾಗಲ್ಲ?’

‘ಇಲ್ಲ.’

‘ಹಾಲಿನೋನು ತಂದ ಒಂದು ಲೀಟರನ್ನ ಹಂಗಂಗೇ ವಾಪಸ್ ಕೊಟ್ರೆ ನಾನು ಅವನಿಗೆ ದುಡ್ಡು ಕೊಡ್ತೀನಾ? ಇವರಿಗೆ ಯಾಕೋ ಕೊಡ್ತೀಯ?’

ಭಾವ ಬಿಲ್ಲನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಒಂದು ಆಂಪಿಯರ್ ಬಂದರೆ ಒಂದು ಆಂಪಿಯರೇ ಹೊರಗೆ ಹೋಗಬೇಕು, ಇದು ಸತ್ಯ. ಬಲ್ಬು ಕರೆಂಟನ್ನು ತಿನ್ನುವುದಿಲ್ಲ. ಹಾಗಾದರೆ ತಿನ್ನುವುದೇನನ್ನು? ಉತ್ತರ ಶಿವನಸಮುದ್ರದಲ್ಲಿದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕಳಿಸಿದರು. ಬೆಂಗಳೂರಿನ ಬೀದಿದೀಪಕ್ಕೆ ಅದು ತಲುಪಿದ್ದು 1905ರಲ್ಲಿ. ಚಿನ್ನಕ್ಕೆ ಮೊದಲು, ಜನಕ್ಕೆ ಆಮೇಲೆ, ಅದಿರಲಿ. ಅಲ್ಲಿ ಕಾವೇರಿ ಕೊಳವೆಯಲ್ಲಿ ಧುಮುಕಿ ಚಕ್ರ ತಿರುಗಿಸಿ ಮತ್ತೆ ನದಿಗೇ ಸೇರುತ್ತಾಳೆ. ನೀರು ಖರ್ಚಾಗಲಿಲ್ಲ. ಖರ್ಚಾದದ್ದು ಅದರ ಎತ್ತರ. ಕರೆಂಟು ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ, ಬೆಳೆ ಬರುವುದಿಲ್ಲ ಎಂಬ ಮಾತನ್ನು ಹಳಬರ ಬಾಯಲ್ಲಿ ನೀವೂ ಕೇಳಿರಬಹುದು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಏನೋ ಒಂದನ್ನು ತೆಗೆದದ್ದು ನಿಜ. ಅದು ನೀರಿನಲ್ಲಿ ಇರಲಿಲ್ಲ, ಬೀಳುವುದರಲ್ಲಿ ಇತ್ತು, ಅಷ್ಟೆ. ನಮ್ಮ ಮನೆಯಲ್ಲೂ ಕರೆಂಟು 230 ವೋಲ್ಟಿನಿಂದ ಕೆಳಗೆ ಬೀಳುತ್ತದೆ. ಬೀಳುವಾಗ ಬಲ್ಬು ಉರಿಸಿ, ಫ್ಯಾನ್ ತಿರುಗಿಸಿ, ಇಸ್ತ್ರಿಪೆಟ್ಟಿಗೆ ಕಾಯಿಸಿ ಹೋಗುತ್ತದೆ. ವೋಲ್ಟು, ಆಂಪಿಯರು, ಹೊತ್ತು, ಈ ಮೂರರ ಲೆಕ್ಕವನ್ನು ಮೀಟರು ಇಡುತ್ತದೆ. ಸಾವಿರ ವ್ಯಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್.

ಇನ್ನೂ ಸ್ವಾರಸ್ಯದ ಮಾತು ಬೇಕಿದ್ದರೆ ಕೇಳಿ. ಸ್ವಿಚ್ ಹಾಕಿದೊಡನೆ ದೀಪ ಹತ್ತುತ್ತದಲ್ಲ, ಸ್ವಿಚ್ಚಿನಿಂದ ಎಲೆಕ್ಟ್ರಾನುಗಳು ಬಲ್ಬಿನವರೆಗೆ ಓಡಿಹೋದವೆಂದು ತಿಳಿದಿದ್ದೀರಾ? ಮನೆಯ ವೈರಿಂಗಿಗೆ ಹಾಕುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನು ಮುಂದೆ ಸರಿಯುವುದು ಸೆಕೆಂಡಿಗೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಗಂಟೆಗೆ ಒಂದು ಗೇಣೂ ಪೂರ್ತಿಯಾಗುವುದಿಲ್ಲ. ಅದೂ ಒಂದೇ ದಿಕ್ಕಿಗೆ ಹೋದರೆ ಮಾತ್ರ. ನಮ್ಮದು ಎ.ಸಿ., ಸೆಕೆಂಡಿಗೆ 50 ಸಲ ಹೋಗಿ ಬರುವುದು. ಹೋದಷ್ಟೇ ಹಿಂದಕ್ಕೆ. ತಂತಿಯ ತುಂಬ ಎಲೆಕ್ಟ್ರಾನು ಮೊದಲೇ ಇಡಿಕಿರಿದಿರುವುದರಿಂದ ಒಂದು ತುದಿಯ ತಳ್ಳಾಟ ಇನ್ನೊಂದು ತುದಿಗೆ ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಮುಟ್ಟುತ್ತದೆ. ಟಿಸಿಯೊಳಗೂ ಮೇಲಿನ ಲೈನಿನ ಸುತ್ತು ಬೇರೆ, ನಮ್ಮ ಕಡೆಯ ಸುತ್ತು ಬೇರೆ. ತಾಮ್ರಕ್ಕೆ ತಾಮ್ರ ತಾಕುವುದೇ ಇಲ್ಲ. ಅಂದಮೇಲೆ ಮನೆ ಕಟ್ಟಿಸಿದಾಗ ವೈರಿನ ಜೊತೆ ನೀವೇ ಅಂಗಡಿಯಿಂದ ದುಡ್ಡು ಕೊಟ್ಟು ತಂದ ಎಲೆಕ್ಟ್ರಾನುಗಳೇ ಅಲ್ಲಿ ಇವತ್ತಿಗೂ ಅಲುಗಾಡುತ್ತಿರುವುದು. ಕರೆಂಟಿನವರು ಕಳಿಸುವುದು ಅಲುಗಾಟವನ್ನು. ಬಿಲ್ಲು ಅಲುಗಾಟಕ್ಕೆ. ಇದನ್ನು ಅತ್ತೆಗೆ ನಾನು ಹೇಳಿಲ್ಲ, ಹೇಳಿದರೆ ಬಿಲ್ಲು ಕಟ್ಟಲು ಬಿಡುವುದಿಲ್ಲ.

ಆ ಎಲೆಕ್ಟ್ರಾನು ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತದೆ ಎಂದು ಕೇಳಬೇಡಿ. ಹದಿನೆಂಟನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅಂದಾಜಿನ ಮೇಲೆ ಒಂದನ್ನು ಪ್ಲಸ್, ಇನ್ನೊಂದನ್ನು ಮೈನಸ್ ಎಂದುಬಿಟ್ಟ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆಹಚ್ಚಿದ ಮೇಲೆ ನೋಡಿದರೆ ಅದರದ್ದು ಮೈನಸ್ಸು, ಓಟ ಉಲ್ಟಾ. ಅಷ್ಟು ಹೊತ್ತಿಗೆ ಪುಸ್ತಕಗಳೆಲ್ಲ ಅಚ್ಚಾಗಿಹೋಗಿದ್ದವು. ಬಾಣದ ಗುರುತು ಇವತ್ತಿಗೂ ಪ್ಲಸ್ಸಿನಿಂದ ಮೈನಸ್ಸಿಗೇ ಇದೆ, ಲೆಕ್ಕಕ್ಕೇನೂ ತೊಂದರೆಯಾಗಿಲ್ಲ.

ಅತ್ತೆಗೆ ಮನಸಾರೆ ಮೆಚ್ಚುಗೆಯಾದ ಸಾಮಾನೆಂದರೆ ಆರ್‌ಸಿಸಿಬಿ. ಮೀಟರ್ ಬೋರ್ಡಿನ ಪಕ್ಕದ ಆ ಪೆಟ್ಟಿಗೆ ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್ಲಿನಲ್ಲಿ ಬಂದದ್ದಕ್ಕೂ ತಾಳೆ ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್ ಕೂಡದೆ ಹೋದರೆ, ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ಸೋರುತ್ತಿದೆ ಎಂದು ತೀರ್ಮಾನಿಸಿ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುತ್ತದೆ. ಪಕ್ಕದ ಎಂಸಿಬಿಗೆ ಇದು ಬರುವುದಿಲ್ಲ. ಅದಕ್ಕೆ ಹೊರೆ ಹೆಚ್ಚಾದರೆ ಮಾತ್ರ ಸಿಟ್ಟು, ಮನುಷ್ಯ ಒದ್ದಾಡುತ್ತಿದ್ದರೆ ಅದಕ್ಕೆ ತಿಳಿಯದು. ನಮ್ಮಲ್ಲಿ ಮಾತ್ರ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನು ಬೈಪಾಸ್ ಮಾಡಿಸಿ ನೆಮ್ಮದಿಯಾಗಿ ಮಲಗುವವರಿದ್ದಾರೆ. ಹಳೇ ಕಾಲದಲ್ಲಿ ಇವರೇ ಫ್ಯೂಸ್ ಹೋಗುತ್ತದೆಂದು ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತುತ್ತಿದ್ದವರು. ಫ್ಯೂಸಿನ ಕೆಲಸವೇ ಹೋಗುವುದು. ಅದು ಹೋಗದಿದ್ದರೆ ಗೋಡೆಯೊಳಗಿನ ವೈರು ಹೋಗುತ್ತದೆ, ಆಮೇಲೆ ಪರದೆ, ಸೋಫಾ ಇತ್ಯಾದಿ.

ಮೂರನೇ ಪಿನ್ನಿನ ಕಥೆ ಇನ್ನೂ ಕರುಣಾಜನಕ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಉದ್ದ ಯಾಕೆಂದರೆ ಸಿಕ್ಕಿಸುವಾಗ ಭೂಮಿಯ ಸಂಬಂಧ ಎಲ್ಲಕ್ಕಿಂತ ಮೊದಲು ಆಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ದಪ್ಪ ಯಾಕೆಂದರೆ ಅದು ಅಪ್ಪಿತಪ್ಪಿಯೂ ಫೇಸಿನ ತೂತಿಗೆ ಹೋಗಬಾರದು. ಇಷ್ಟು ಯೋಚನೆ ಮಾಡಿದವರು ನಮ್ಮ ಬೆಂಕಿಕಡ್ಡಿಯ ಬಗ್ಗೆ ಯೋಚಿಸಿರಲಿಲ್ಲ. ಮದುವೆ ಚಪ್ಪರದಲ್ಲಿ ನೋಡಿ, ಪ್ಲಗ್ಗೇ ಇಲ್ಲ. ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು, ಎರಡು ತೂತಿಗೆ ಎರಡು ಎಳೆ ತುರುಕಿ, ಬಿಗಿಯಾಗಲೆಂದು ಎರಡು ಬೆಂಕಿಕಡ್ಡಿ ಒತ್ತಿ, ‘ಹಾಕಣ್ಣಾ’ ಎಂದು ಕೂಗುತ್ತಾರೆ. ಮೇಲಿನ ತೂತು? ಅದು ಅವರ ಪಾಲಿಗೆ ಇಲ್ಲ. ಅದೇ ತೂತಿನ ಇನ್ನೊಂದು ತುದಿಯಲ್ಲಿ, ಮನೆಯ ಹಿತ್ತಲಿನಲ್ಲಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ ಪೈಪು ಹೂತ ಗುಂಡಿಯೊಂದು ಇರುತ್ತದೆ. ಇದ್ದಿಲು ಪಸೆ ಹಿಡಿದಿಡುತ್ತದೆ, ಉಪ್ಪು ಕರಗಿದ ಪಸೆಯ ಮಣ್ಣಿನಲ್ಲಿ ಕರೆಂಟು ಸುಲಭವಾಗಿ ಇಳಿಯುತ್ತದೆ. ಬೇಸಗೆಯಲ್ಲಿ ಅದಕ್ಕೊಂದು ಬಿಂದಿಗೆ ನೀರು ಹೊಯ್ಯಬೇಕು. ತುಳಸಿಗೆ ಹೊಯ್ಯುವವರು ಉಂಟು, ಇದಕ್ಕೆ ಹೊಯ್ದವರನ್ನು ನಾನಂತೂ ಕಂಡಿಲ್ಲ.

ಫ್ಯಾನಿನ ವಿಷಯ ಬೇಗ ಮುಗಿಸುತ್ತೇನೆ. ಒಂದರಲ್ಲಿ ಇಟ್ಟರೆ ಬಿಲ್ಲು ಕಮ್ಮಿಯೇ ಎಂದು ಕೇಳಿದರೆ ಉತ್ತರ ರೆಗ್ಯುಲೇಟರ್ ನೋಡಿ ಹೇಳಬೇಕು. ಹಳೇ ದಪ್ಪ ಡಬ್ಬಿಯಾದರೆ ಫ್ಯಾನಿಗೆ ಕೊಡದ್ದನ್ನು ಅದು ತಾನೇ ಬಿಸಿಯಾಗಿ ಕಳೆಯುತ್ತದೆ, ಉಳಿತಾಯ ಅಷ್ಟಕ್ಕಷ್ಟೆ. ಈಗಿನ ಎಲೆಕ್ಟ್ರಾನಿಕ್ ಗುಂಡಿಯಾದರೆ ನಿಜವಾಗಿ ಉಳಿಯುತ್ತದೆ. ಫ್ಯಾನ್ ಗುಂಯ್ ಎನ್ನುತ್ತಾ ತಿರುಗದೆ ನಿಂತಿದ್ದು, ಕೋಲಿನಿಂದ ತಳ್ಳಿದರೆ ತಳ್ಳಿದ ಕಡೆಗೆ ಹೊರಟಿತೋ, ಕಂಡೆನ್ಸರ್ ಹೋಗಿದೆ. ಕಡಿಮೆ ಬೆಲೆಯ ಸಾಮಾನು. ‘ಕಾಯಿಲ್ ಸುಟ್ಟಿದೆ ಸಾರ್, ಬಿಚ್ಚಿಕೊಂಡು ಹೋಗ್ಬೇಕು’ ಎನ್ನುವವರಿಗೆ ಮೊದಲು ಇದನ್ನು ಹಾಕಿ ನೋಡಪ್ಪಾ ಅನ್ನಿ.

ದೆವ್ವದ ಪ್ರಶ್ನೆಗೆ ಸ್ವಲ್ಪ ಹೊತ್ತು ಬೇಕು. ಎಲ್‌ಇಡಿ ಬಲ್ಬು ಬಂದ ಮೇಲೆ ಸ್ವಿಚ್ ಆರಿಸಿದರೂ ರಾತ್ರಿ ಮಿಣಮಿಣ ಎನ್ನುವ ಮನೆಗಳು ಹೆಚ್ಚಿವೆ. ಭಾವನ ಉತ್ತರ: ‘ರಿಟರ್ನ್ ಬರ್ತಿದೆ.’ ಎಲ್ಲಿಂದ, ಯಾರ ಮನೆಯಿಂದ, ಹೇಳುವುದಿಲ್ಲ. ನಡೆದದ್ದು ಇಷ್ಟೇ ಇರಬಹುದು: ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೊಟ್ಟಿದ್ದಾನೆ. ಇಲ್ಲವೇ ಎರಡು ವೈರು ಪೈಪಿನೊಳಗೆ ಮಾರುಗಟ್ಟಲೆ ಒತ್ತಿಕೊಂಡು ಬಂದು, ಮುಟ್ಟದೆಯೇ ಒಂದರಿಂದ ಇನ್ನೊಂದಕ್ಕೆ ಚೂರು ದಾಟಿಸುತ್ತಿವೆ. ಆ ಚೂರು ಹಿಂದೆಯೂ ಇತ್ತು. 60 ವ್ಯಾಟಿನ ಹಳದಿ ಬಲ್ಬಿಗೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಎರಡನೆಯದಾದರೆ ಚಿಂತೆಯಿಲ್ಲ. ಮೊದಲನೆಯದಾದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಫೇಸ್ ಕಾಯುತ್ತಾ ಕೂತಿರುತ್ತದೆ, ಬಲ್ಬು ಬದಲಿಸಲು ಸ್ಟೂಲು ಹತ್ತಿದವರಿಗೆ ದೆವ್ವವೇ ವಾಸಿ. ವೈರ್‌ಮ್ಯಾನನ್ನು ಕರೆಸಿ ಸರಿಮಾಡಿಸಬೇಕು.

ಇಷ್ಟೆಲ್ಲ ಆದ ಮೇಲೂ ಭಾವನ ಉತ್ಸಾಹ ಕುಂದಿಲ್ಲ. ಈಗ ಅವರು ಉಳಿತಾಯ ಅಭಿಯಾನದಲ್ಲಿದ್ದಾರೆ. ರೂಮಿನಿಂದ ರೂಮಿಗೆ ಹೋಗಿ ಗೋಡೆಯಲ್ಲಿ ಖಾಲಿ ನೇತಾಡುವ ಮೊಬೈಲ್ ಚಾರ್ಜರುಗಳನ್ನು ಕಿತ್ತು ಕಿತ್ತು ಇಡುತ್ತಾರೆ, ‘ಸುಮ್ನೆ ಕರೆಂಟ್ ಕುಡೀತವೆ’ ಎನ್ನುತ್ತಾ.

‘ಎಷ್ಟು ಕುಡೀತದೆ?’ ಅತ್ತೆ ನನ್ನನ್ನು ಕೇಳಿದರು.

ಫೋನಿಲ್ಲದ ಒಳ್ಳೆಯ ಚಾರ್ಜರು ಎಳೆಯುವುದು ವ್ಯಾಟಿನ ಹತ್ತನೇ ಒಂದು ಭಾಗದಷ್ಟು. ವರ್ಷದ 8760 ಗಂಟೆಯೂ ಹಾಗೇ ಬಿಟ್ಟರೆ ಒಂದು ಯೂನಿಟ್ಟಿಗೆ ತುಸು ಕಮ್ಮಿ. 2000 ವ್ಯಾಟಿನ ಗೀಸರು ಅದೇ ಒಂದು ಯೂನಿಟ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ.

ಅತ್ತೆ ಕ್ಯಾಲೆಂಡರಿನ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ ಬಚ್ಚಲುಮನೆಯ ಹೊರಗಿನ ಸ್ವಿಚ್ಚಿನ ಕಡೆ ನೋಡಿ ಮಗನನ್ನು ಕೂಗಿದರು: ‘ಲೋ, ನೀನು ಸ್ನಾನ ಮಾಡಿ ಬಂದಾಗಿನಿಂದ ಆ ಕೆಂಪು ದೀಪ ಉರೀತಾನೇ ಇದೆ. ಅದೂ ರಿಟರ್ನೇ ಏನೋ?’