ಒಳಗಿನವರ ಬಳಗ

ನಮ್ಮ ಜೈಲುಗಳಲ್ಲಿ ಕೈದಿಗಳಿಗೆ ಆಸರೆಯಾಗುವ ಬಳಗವೇ ಇಲ್ಲ ಎನ್ನುವವರು 2024ರ ಆಗಸ್ಟ್‌ನಲ್ಲಿ ಟೀವಿ ಹಾಕಿರಲಿಲ್ಲ. ಪರಪ್ಪನ ಅಗ್ರಹಾರ ಜೈಲಿನ ಬಯಲು, ಸುತ್ತ ಕುರ್ಚಿಗಳು, ವಿಚಾರಣಾಧೀನ ಸಿನಿಮಾ ನಟರ ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಮಗ್, ಪಕ್ಕದಲ್ಲೇ ರೌಡಿ ಶೀಟರ್. ಇಂಥ ಅಚ್ಚುಕಟ್ಟಾದ ಸ್ವಸಹಾಯ ಸಂಘವನ್ನು ಸರ್ಕಾರವೇ ಒಡೆಯಿತು. ನಟರು ಬಳ್ಳಾರಿಗೆ ಹೋದರು.

ಕೆನಡಾದವರಿಗೆ ಈ ನಾಜೂಕು ಗೊತ್ತಿಲ್ಲ. ಅಲ್ಲಿ ಸಂಘ ಇರುವುದು ಮೂಲನಿವಾಸಿ ಕೈದಿಗಳಿಗೆ. ಬುಡಕಟ್ಟಿನ ಹಿರಿಯರು ಒಳಗೆ ಬಂದು ಡೋಲು ಬಡಿದು ಪ್ರಾರ್ಥನೆ ಮಾಡಿಸುತ್ತಾರೆ, ಕಾದ ಕಲ್ಲಿಗೆ ನೀರು ಚೆಲ್ಲಿ ಹಬೆಯ ಗುಡಿಸಲಲ್ಲಿ ಕೂರಿಸುತ್ತಾರೆ. ಹೊಗಳಿ ಅಟ್ಟಕ್ಕೇರಿಸುವುದು ಬೇಡ: ಜನಸಂಖ್ಯೆಯಲ್ಲಿ ನೂರಕ್ಕೆ 5ರಷ್ಟಿರುವ ಇವರು ಅಲ್ಲಿನ ಫೆಡರಲ್ ಜೈಲುಗಳಲ್ಲಿ ನೂರಕ್ಕೆ ಸುಮಾರು 30. ನೆಲ ಕಿತ್ತುಕೊಂಡವರು ಡೋಲು ಕೊಟ್ಟಿದ್ದಾರೆ.

ನಾವು ಡೋಲಿನ ಖರ್ಚನ್ನೂ ಉಳಿಸಿದೆವು. ಬೆಳ್ತಂಗಡಿ ತಾಲೂಕಿನ ಕಾಡೊಳಗಿನ ಕುತ್ಲೂರಿನ ಬುಡಕಟ್ಟು ಹುಡುಗ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪ, ಯುಎಪಿಎ ಕೇಸು. ಒಬ್ಬರಿಗೇ ಬೇಸರವಾದೀತೆಂದೋ ಏನೋ, ಅಪ್ಪನನ್ನೂ ಜೊತೆಗೇ ಒಳಗೆ ಹಾಕಿದರು. ಸಿಕ್ಕ ಮಾರಕಾಸ್ತ್ರಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪೇಪರ್ ಕಟಿಂಗು, ಊರಿಗೆ ಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸಿ ಎಂಬ ಪತ್ರ. ಪರೀಕ್ಷೆ ಬರೆಯಲು ಕೈಕೋಳ ಹಾಕಿಯೇ ಕರೆತಂದರು. ಕಾಪಿ ಹೊಡೆಯುವವರಿಗೂ ಇಷ್ಟು ಬಂದೋಬಸ್ತು ಇಲ್ಲ. ಪುಸ್ತಕ ಇಟ್ಟುಕೊಂಡರೆ ಅಪರಾಧವಲ್ಲ ಎಂದು ಮಂಗಳೂರಿನ ಕೋರ್ಟು ಅಪ್ಪ-ಮಗನನ್ನು ಖುಲಾಸೆ ಮಾಡಿದ್ದು 2021ರ ಅಕ್ಟೋಬರ್ 21ರಂದು.

ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ‘ತಲೆದಂಡ’ ನಾಟಕ ಆಡಿಸಿದ್ದನ್ನು ಬಿಟ್ಟರೆ, ಜೈಲಿನ ಸಂಸ್ಕೃತಿ ಎಂದು ಬೀಗಲು ನಮ್ಮಲ್ಲಿ ಹೆಚ್ಚೇನಿಲ್ಲ. ಜಾತಿಯ ನೆನಪು ಮಾತ್ರ ಭದ್ರವಾಗಿತ್ತು. ಅಡುಗೆ ಯಾರದು, ಪೊರಕೆ ಯಾರದು ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಗಳು ಜಾತಿ ನೋಡಿ ಹಂಚಿದ್ದವು. ಅಲೆಮಾರಿ ಬುಡಕಟ್ಟಿನವನೆಂದರೆ ಪರಾರಿಯಾಗುವವನೇ ಎಂದು ಮೊದಲೇ ಅನುಮಾನಿಸಿದ್ದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇವನ್ನೆಲ್ಲ ರದ್ದು ಮಾಡಿ, ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ ಎಂದಿತು. ಬ್ರಿಟಿಷರು 1871ರಲ್ಲಿ ಹುಟ್ಟಿಸಿದ ಕ್ರಿಮಿನಲ್ ಬುಡಕಟ್ಟು ಕಾನೂನು 1952ರಲ್ಲೇ ಸತ್ತಿತ್ತು. ಜೈಲಿಗೆ ಸಾವಿನ ಸುದ್ದಿ ಮುಟ್ಟಿದ್ದು 72 ವರ್ಷ ತಡವಾಗಿ.

ಬೆಂಗಳೂರಿನ ಶ್ರೀಗಂಧದ ಕಾವಲ್‌ನ ನಮ್ಮ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದರೆ ನಿವೃತ್ತ ರಾಯರಿಗೆ ರೇಗಿತು.

“ಅಲ್ಲ ಸಾರ್, ಕಾಡೊಳಗೆ ಮನೆ ಕಟ್ಕೊಂಡು ಕೂತ್ರೆ ಕೇಸ್ ಹಾಕ್ದೆ ಆರತಿ ಎತ್ತಬೇಕಾ?”

2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ರಾಯರೇ, ಎಂದೆ.

“ಅದಕ್ಕೆಲ್ಲ ದಾಖಲೆ ಬೇಕು ಸ್ವಾಮಿ. ಇವತ್ತು ಬಂದು ಇದು ನಂದು ಅಂದ್ರೆ ಆಗತ್ಯೇ?” ಎಂದು ಎದ್ದರು. ಆತುರದಲ್ಲಿದ್ದರು, ಪಾಪ. ಕಂಕುಳಲ್ಲಿದ್ದ ಫೈಲಿನಲ್ಲಿ ತಮ್ಮ ಮನೆಯ ಬಿ ಖಾತಾವನ್ನು ಎ ಖಾತಾ ಮಾಡಿಕೊಡಿ ಎಂಬ ಅರ್ಜಿಯಿತ್ತು. ಪ್ಲಾನಿನಲ್ಲಿಲ್ಲದ ಮೂರನೇ ಮಹಡಿಗೆ ಏನು ಬರೆಯಬೇಕೆಂದು ಏಜೆಂಟನನ್ನು ಕೇಳಬೇಕಿತ್ತು.