ಬೋಲ್ಟ್‌ನನ್ನು ಸೋಲಿಸಿದ ಭಾಗಾಕಾರ

ಉಸೇನ್ ಬೋಲ್ಟ್‌ನನ್ನು ಸೋಲಿಸುವುದಕ್ಕೆ ಸ್ಪೈಕ್ ಶೂ ಬೇಡ, ಸಿಂಥೆಟಿಕ್ ಟ್ರ್ಯಾಕ್ ಬೇಡ, ಕೋಚ್ ಅಂತೂ ಬೇಡವೇ ಬೇಡ. ನಾಲ್ಕನೇ ಕ್ಲಾಸಿನ ಭಾಗಾಕಾರ ಬಂದರೆ ಸಾಕು. 2020ರ ಫೆಬ್ರವರಿಯಲ್ಲಿ ನಮ್ಮ ಮಾಧ್ಯಮಗಳು ಇದನ್ನು ಜಗತ್ತಿಗೇ ತೋರಿಸಿಕೊಟ್ಟವು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಪುಣ್ಯಾತ್ಮ ಕ್ಯಾಲ್ಕುಲೇಟರ್ ಒತ್ತಿದ. ನೂರು ಮೀಟರಿಗೆ 9.55 ಸೆಕೆಂಡ್! ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಇನ್ನೇನು ಬೇಕು? ಹದಿನೈದು ದಿನದೊಳಗೆ ಜಮೈಕಾದವನ ಕಥೆ ಮುಗಿದಿತ್ತು.

ಆ ಲೆಕ್ಕವನ್ನಾದರೂ ನೆಟ್ಟಗೆ ಮಾಡಿದರೇ ಎಂದರೆ, ಅದೂ ಇಲ್ಲ. ಭಾಗಿಸಿದರೆ ಬರುವುದು 9.5579. ಅಥ್ಲೆಟಿಕ್ಸ್‌ನಲ್ಲಿ ಉಳಿಕೆ ಬಂದರೆ ಸಮಯವನ್ನು ಮೇಲಿನ ಅಂಕಿಗೆ ಏರಿಸುತ್ತಾರೆ, ಅಂದರೆ 9.56. ನಮ್ಮವರು ಇಳಿಸಿದರು. ಓಡಿದವರು ಕೇಳದ ರಿಯಾಯಿತಿಯನ್ನು ಬರೆದವರೇ ಧಾರಾಳವಾಗಿ ಕೊಟ್ಟರು.

ಮುಂದೆ ಎರಡು ಕೋಣಗಳು ಓಡುತ್ತಿದ್ದವು, ಅವುಗಳ ಎಳೆತಕ್ಕೆ ಹಿಂದಿನವರು ಓಡುತ್ತಿದ್ದರು ಎಂಬ ಸಣ್ಣ ವಿವರ ತಲೆಬರಹದಲ್ಲಿ ಹಿಡಿಸಲಿಲ್ಲ. ಅದನ್ನು ನೆನಪಿಸಿದವರು ಶ್ರೀನಿವಾಸ ಗೌಡರೇ. ಓಡಿದ್ದು ಕೋಣಗಳು, ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರಿನಲ್ಲಿ ಓಡುವವನು ಎಂಬ ಅರ್ಥದ ಮಾತನ್ನು ಅವರು ಮತ್ತೆ ಮತ್ತೆ ಹೇಳಿದರು. ಅಷ್ಟರಲ್ಲಿ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಗೌಡರನ್ನು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದಾಗಿತ್ತು, ಮುಖ್ಯಮಂತ್ರಿ ಯಡಿಯೂರಪ್ಪ ಸನ್ಮಾನ ಮಾಡಿ 3 ಲಕ್ಷ ರೂಪಾಯಿ ಕೊಟ್ಟಾಗಿತ್ತು. ಗೌಡರು ಟ್ರಯಲ್ಸ್ ಒಲ್ಲೆ ಎಂದರು. ಇಡೀ ಪ್ರಕರಣದಲ್ಲಿ ಅಥ್ಲೆಟಿಕ್ಸ್ ಏನೆಂದು ತಿಳಿದಿದ್ದವರು ಅವರೊಬ್ಬರೇ. ಕೆಲವೇ ದಿನದಲ್ಲಿ ವೇಣೂರಿನ ಕಂಬಳದಿಂದ ನಿಶಾಂತ್ ಶೆಟ್ಟಿಯವರ 9.51 ಬಂತು. ವಿಶ್ವದಾಖಲೆ ಒಂದೇ ತಿಂಗಳಲ್ಲಿ ಎರಡು ಸಲ, ಒಂದೇ ಜಿಲ್ಲೆಯಲ್ಲಿ! ಬರ್ಲಿನ್‌ನವರಿಗೆ ಸುದ್ದಿ ಮುಟ್ಟಿಸುವವರು ಮಾತ್ರ ಸಿಗಲಿಲ್ಲ.

ಈ ಭಾಗಾಕಾರವನ್ನು ಅರ್ಧಕ್ಕೆ ಬಿಡಬಾರದು ಎಂಬುದು ನನ್ನ ವಾದ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ಭಾಗಿಸಿ ನೋಡಿ: 9.57. ಅಂದರೆ ಬರ್ಲಿನ್‌ನ ದಾಖಲೆಯನ್ನು ಅವನು ಅದು ಹುಟ್ಟುವ ಮೂರು ತಿಂಗಳ ಮೊದಲೇ ಮುರಿದಿದ್ದ! ಲಂಡನ್ ಒಲಿಂಪಿಕ್ಸ್‌ನಲ್ಲಿ ಜಮೈಕಾದ ನಾಲ್ವರು 4x100 ರಿಲೇಯನ್ನು 36.84ಕ್ಕೆ ಮುಗಿಸಿದರು. ನಾಲ್ಕರಿಂದ ಭಾಗಿಸಿದರೆ ತಲಾ 9.21. ಪಾಪ, ಅವರಿಗೆ ಹೀಗೂ ಲೆಕ್ಕ ಮಾಡಬಹುದೆಂದು ಹೇಳುವವರಿರಲಿಲ್ಲ. ನಿಂತಲ್ಲಿಂದ ಹೊರಡುವ ಓಟ ಬೇರೆ, ವೇಗ ಹಿಡಿದ ಮೇಲಿನ ಓಟ ಬೇರೆ. ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿ ಬೆನ್ನಿಗಿದ್ದರೆ ದಾಖಲೆಯೇ ಇಲ್ಲ. ಗಾಳಿಗೇ ಇಷ್ಟು ಲೆಕ್ಕವಿದ್ದರೆ ಕೋಣಕ್ಕೆಷ್ಟಿರಬೇಕು?

ಹೊಗಳುವಾಗ ಸಮಯ ನೋಡಬಾರದು ಎಂಬ ನಿಯಮವೂ ನಮ್ಮಲ್ಲಿದೆ. 2019ರ ಜುಲೈನಲ್ಲಿ ಹಿಮಾ ದಾಸ್ ಪೋಲೆಂಡ್ ಮತ್ತು ಜೆಕ್ ದೇಶದಲ್ಲಿ ಐದು ಚಿನ್ನ ಗೆದ್ದಾಗ ಅವು ಅಲ್ಲಿನ ಸಣ್ಣ ಕೂಟಗಳು ಎಂಬುದನ್ನು ನುಂಗಿಕೊಂಡು ಜಗತ್ತನ್ನೇ ಗೆಲ್ಲಿಸಿದೆವು. ಅದರಲ್ಲಿ 400 ಮೀಟರ್ ಓಟದ ಸಮಯ 52.09. ಹಿಂದಿನ ವರ್ಷ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದಾಗ ಆಕೆ ಓಡಿದ್ದು 50.79. ಹುಡುಗಿ ನಿಧಾನವಾಗಿದ್ದಾಳೆ, ಏಕೆ ಎಂದು ವಿಚಾರಿಸುವ ಹೊತ್ತಿನಲ್ಲಿ ನಾವು ಪಟಾಕಿ ಹಚ್ಚಿದೆವು.

ಇಷ್ಟು ದೂರ ಯಾಕೆ, ನಮ್ಮ ಬೆಂಗಳೂರು ಗ್ರಾಮಾಂತರಕ್ಕೇ ಬನ್ನಿ. ಇಲ್ಲಿ ಮ್ಯಾರಥಾನ್ ನಡೆಯದ ತಿಂಗಳಿಲ್ಲ. ಮತದಾನ ಜಾಗೃತಿಗೆ ಒಂದು, ಡ್ರಗ್ಸ್ ವಿರುದ್ಧ ಒಂದು, ಪರಿಸರ ದಿನಕ್ಕೆ ಮತ್ತೊಂದು. ಬಸ್ ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿವರೆಗೆ ಮಕ್ಕಳು ಬ್ಯಾನರ್ ಹಿಡಿದು ಬಂದರೆ ಅದು ಮರುದಿನದ ಪತ್ರಿಕೆಯಲ್ಲಿ ಮ್ಯಾರಥಾನ್. ನಿಜವಾದದ್ದು 42.195 ಕಿಲೋಮೀಟರ್, ಮೆಜೆಸ್ಟಿಕ್ಕಿನಲ್ಲಿ ಓಟ ಶುರು ಮಾಡಿದವನು ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಆಸುಪಾಸಿಗೆ ಬಂದು ಬೀಳಬೇಕು. ಹಸಿರು ಬಾವುಟ ತೋರಿಸಿದ ಶಾಸಕರೇ ಕೊನೆವರೆಗೂ ಓಡಿ ಮುಗಿಸಿದರು ಎಂದಾಗ ಯಾರಿಗಾದರೂ ಅನುಮಾನ ಬರಬೇಡವೇ?

ತಾಲ್ಲೂಕು ಕ್ರೀಡಾಕೂಟದ ವರದಿಯಂತೂ ಒಂದು ಪ್ರತ್ಯೇಕ ಸಾಹಿತ್ಯ ಪ್ರಕಾರ. ದೊಡ್ಡಬಳ್ಳಾಪುರದ ಭಗತ್ ಸಿಂಗ್ ಕ್ರೀಡಾಂಗಣವಿರಲಿ, ಹೊಸಕೋಟೆಯ ಯಾವುದೋ ಪ್ರೌಢಶಾಲೆಯ ಮೈದಾನವಿರಲಿ, ಬರವಣಿಗೆ ಒಂದೇ. ಪಾರಿವಾಳ ಹಾರುತ್ತದೆ, ಜ್ಯೋತಿ ಬೆಳಗುತ್ತದೆ, ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕೆಂದು ಅತಿಥಿಗಳು ಕರೆ ಕೊಡುತ್ತಾರೆ. ವೇದಿಕೆಯಲ್ಲಿದ್ದ ಹದಿನೆಂಟು ಹೆಸರು ಇನಿಷಿಯಲ್ ಸಹಿತ ತಪ್ಪಿಲ್ಲದೆ ಅಚ್ಚಾಗುತ್ತವೆ. ಸುಣ್ಣದ ಗೆರೆಯ ಮೇಲೆ ಬರಿಗಾಲಲ್ಲಿ ಓಡಿ ಗೆದ್ದ ಹುಡುಗಿ ಮಾತ್ರ ‘ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು’ ಎಂಬ ಕೊನೆಯ ಸಾಲಿನೊಳಗೆ ಮಾಯ. ಹೆಸರು ಬಂದರೂ ಸಮಯ ಬರುವುದಿಲ್ಲ. ಸಮಯ ಬಂದರೂ ಅದು ಸ್ಟಾಪ್‌ವಾಚ್ ಒತ್ತಿ ತೆಗೆದದ್ದೋ ಎಲೆಕ್ಟ್ರಾನಿಕ್ ಯಂತ್ರದ್ದೋ ಎಂಬುದು ಬರುವುದಿಲ್ಲ. ನೂರು ಮೀಟರ್ ಓಟದಲ್ಲಿ ಕೈಯಲ್ಲಿ ಒತ್ತಿದ ಸಮಯಕ್ಕೆ 0.24 ಸೆಕೆಂಡ್ ಸೇರಿಸಿ ಹೋಲಿಸುವುದು ವಾಡಿಕೆ. ಅದು ಚಿಲ್ಲರೆಯಲ್ಲ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಕಂಚು ಕಳೆದುಕೊಂಡದ್ದು 0.01 ಸೆಕೆಂಡಿಗೆ. (ಅದು 400 ಮೀಟರ್ ಹರ್ಡಲ್ಸ್. ಹರ್ಡಲ್ಸನ್ನೇ ಕಿತ್ತು ಬರೀ ಓಟ ಎಂದು ಬರೆಯುವವರು ಈಗಲೂ ಇದ್ದಾರೆ.)

ವರದಿಗಾರ ಮಿತ್ರರೇ, ಮುಂದಿನ ತಾಲ್ಲೂಕು ಕೂಟಕ್ಕೆ ಬಂದಾಗ ದಯವಿಟ್ಟು ಶಾಮಿಯಾನದಿಂದ ಎದ್ದು ಫಿನಿಷಿಂಗ್ ಲೈನ್ ಹತ್ತಿರ ಬನ್ನಿ. ಅಲ್ಲಿ ಪಿ.ಟಿ. ಮೇಷ್ಟ್ರು ರಟ್ಟಿಗೆ ಕ್ಲಿಪ್ ಹಾಕಿದ ಹಾಳೆಯಲ್ಲಿ ಹುಡುಗಿಯ ಹೆಸರು, ಶಾಲೆ, ಸಮಯ ಎಲ್ಲ ಬರೆದುಕೊಂಡಿರುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಳ್ಳಿ. ಜಾಗ ಉಳಿದರೆ ಶಾಸಕರ ಹೆಸರನ್ನೂ ಹಾಕಿ, ಅಡ್ಡಿಯಿಲ್ಲ.