ಕನಿಷ್ಠ ಬಾಕಿ ಮೀಮಾಂಸೆ: ಗೋದಾವರಿ ತೀರದ ಋಣಿಗಳನ್ನು ಕುರಿತು

ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿ ಎಂದು ಕ್ರಿ.ಶ. 850ರ ಸುಮಾರಿನ, ನೃಪತುಂಗನ ಕಾಲದ ಕವಿರಾಜಮಾರ್ಗ ಹೇಳಿದೆ. ರಾಜ್ಯೋತ್ಸವದ ಭಾಷಣದಲ್ಲಿ ಮೊದಲ ಐದು ನಿಮಿಷ ದಾಟಿಸಲು ಈ ಮಾತು ಬಹಳ ಉಪಕಾರ ಮಾಡಿದೆ. ಆದರೆ ಅದರ ಆರ್ಥಿಕ ಪರಿಣಾಮವನ್ನು ಯಾವ ವಿದ್ವಾಂಸರೂ ಗಮನಿಸಿದಂತಿಲ್ಲ. ಗೋದಾವರಿ ಹುಟ್ಟುವುದು ನಾಶಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬೆಟ್ಟದಲ್ಲಿ; ಮುಂದೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟಿ ಹೋಗುತ್ತದೆ. ಅಂದಮೇಲೆ ನಾಶಿಕ, ಸಂಭಾಜಿನಗರಗಳ ಎಂಐಡಿಸಿ ಕೈಗಾರಿಕಾ ವಸಾಹತುಗಳಲ್ಲಿ ಕೆಲಸ ಕಳೆದುಕೊಂಡ ಬೀದರ ಜಿಲ್ಲೆಯ ಹುಡುಗರು ಪರನಾಡಿನಲ್ಲಿ ಸಾಲಗಾರರಾದವರಲ್ಲ. ನೃಪತುಂಗನ ಎಲ್ಲೆಯ ಮೇಲೆಯೇ ಸಾಲಗಾರರಾದವರು.

ಇಲ್ಲಿ ಒಂದು ತೊಡಕಿದೆ. ನಾಶಿಕದ ಅಂಬಡ, ಸಾತಪುರಗಳು ನದಿಯ ದಕ್ಷಿಣಕ್ಕಿವೆ. ಸಂಭಾಜಿನಗರದ ವಾಳೂಜ ಉತ್ತರಕ್ಕಿದೆ. ಹಾಗಾಗಿ ಅಂಬಡದಲ್ಲಿ ಮಾಡಿದ್ದು ಸ್ವದೇಶದ ಸಾಲ, ವಾಳೂಜದಲ್ಲಿ ಮಾಡಿದ್ದು ವಿದೇಶೀ ಸಾಲ ಎಂದು ವಾದಿಸಬಹುದು. ಇದಕ್ಕೆ ಪ್ರತಿವಾದವೂ ಉಂಟು: 1956ರ ತನಕ ಬೀದರ, ಔರಂಗಾಬಾದ (ಇಂದಿನ ಸಂಭಾಜಿನಗರ) ಎರಡೂ ಒಂದೇ ಹೈದರಾಬಾದ ರಾಜ್ಯದ ಜಿಲ್ಲೆಗಳಾಗಿದ್ದವಲ್ಲ! ಎರಡೂ ಸಾಲಕ್ಕೆ ಫೋನು ಬರುವುದು ಒಂದೇ ಕಾಲ್ ಸೆಂಟರಿನಿಂದ ಆದ್ದರಿಂದ ಗಡಿವಿವಾದವನ್ನು ಇಲ್ಲಿಗೆ ಬಿಡುತ್ತೇನೆ.

ಪ್ರಬಂಧದ ನಾಯಕ ಭಾಲ್ಕಿ ಕಡೆಯವನು. ಒಬ್ಬನಲ್ಲ, ಹಲವರನ್ನು ಸೇರಿಸಿ ಹೊಲಿದವನು. ಗುರುತು ಹಿಡಿಯುವ ಶ್ರಮ ಬೇಡ. ಲಾಕ್ಷಣಿಕರು ಬಯಸುವ ಧೀರೋದಾತ್ತ ಗುಣ ಇವನಲ್ಲಿಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಇದೆ. 1985ರಲ್ಲಿ ಬಜಾಜ್ ಆಟೊ ಕಾರ್ಖಾನೆ ಬಂದಮೇಲೆ ವಾಳೂಜದ ಸುತ್ತ ಬಿಡಿಭಾಗ ಮಾಡುವ ಘಟಕಗಳು ಬೆಳೆದವು. ಅಂಥ ಯಾವುದೋ ಒಂದರಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ. ಒಂದು ಸಂಜೆ ಗುತ್ತಿಗೆದಾರ ‘ಬ್ರೇಕ್’ ಕೊಟ್ಟ. ಮರುದಿನದಿಂದ ಗೇಟ್‌ಪಾಸು ನಡೆಯಲಿಲ್ಲ. ಪಗಾರ ನಿಂತಿತು, ಕಂತು ನಿಲ್ಲಲಿಲ್ಲ. ಬೈಕಿನ ಕಂತು, ಫೋನಿನ ಕಂತು, ಒಂದು ಕ್ರೆಡಿಟ್ ಕಾರ್ಡು, ಕಾರ್ಡಿನ ಬಾಕಿ ಕಟ್ಟಲು ಹಿಡಿದ ಎರಡು ಸಾಲದ ಆ್ಯಪು, ಆ್ಯಪಿನ ವಾಯಿದೆ ತಪ್ಪದಿರಲೆಂದು ರೂಮಿನವನಿಂದ ತಂದ ಕೈಗಡ. ಈ ನಡುವೆ ಊರಿಂದ ಫೋನು.

“ಪಗಾರ ಆಯ್ತೇನಪಾ?”

“ಆಗ್ಯಾದವ್ವಾ.”

ಈ ಒಂದು ಉತ್ತರಕ್ಕೆ ತಗಲುವ ಖರ್ಚೆಷ್ಟು ಎಂದು ಕಂಡುಹಿಡಿಯುವುದೇ ಪ್ರಸ್ತುತ ಸಂಶೋಧನೆಯ ಉದ್ದೇಶ.

ಆಧಾರವಾಗಿ ಮೊದಲು ಶಾಸನಗಳನ್ನು ನೋಡೋಣ. ನಾಶಿಕದ ಪಾಂಡವಲೇಣಿಯ 10ನೇ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತ ಬರೆಸಿದ ಶಾಸನವೊಂದಿದೆ. ಸುಮಾರು 1,900 ವರ್ಷ ಹಳೆಯದು. ಭಿಕ್ಷುಗಳ ಖರ್ಚಿಗೆಂದು ಅವನು 3,000 ಕಾರ್ಷಾಪಣ ನಾಣ್ಯಗಳನ್ನು ಹತ್ತಿರದ ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ (ಸಂಘಗಳಲ್ಲಿ) ಇಟ್ಟ. ಒಂದು ಶ್ರೇಣಿಗೆ 2,000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದಕ್ಕೆ 1,000, ನೂರಕ್ಕೆ ಮುಕ್ಕಾಲರಂತೆ. ಮೊದಲನೆಯದರಿಂದ ವರ್ಷಕ್ಕೆ 240 ಹುಟ್ಟುತ್ತದೆ. ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡರ ಬಟ್ಟೆ. ಗುಣಾಕಾರ ಸರಿಯಾಗಿದೆ, ಪ್ರೊಸೆಸಿಂಗ್ ಫೀ ಇಲ್ಲ. ಅಸಲನ್ನು ಎಂದೂ ಹಿಂದಿರುಗಿಸಬೇಕಿಲ್ಲ, ಬಡ್ಡಿಯಷ್ಟೇ ಬರುತ್ತಿರಬೇಕು ಎಂದೂ ಬರೆದಿದೆ.

ಅಸಲು ಕರಗದೆ ಬಡ್ಡಿ ಮಾತ್ರ ಓಡುತ್ತಿರುವ ಈ ಏರ್ಪಾಡನ್ನು ಇಂದಿನ ಕಾರ್ಡಿನವರು ‘ಮಿನಿಮಮ್ ಡ್ಯೂ’ ಎನ್ನುತ್ತಾರೆ. ನಾಯಕನ ಕಾರ್ಡಿನ ಮೇಲೆ 1,00,000 ರೂ. ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎನ್ನೋಣ. ಬಡ್ಡಿ 3,500; ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ, ಅದು 630. ಅವನು ರೂಮಿನವನ ಕೈಗಡ ತಂದು 5,000 ಕಟ್ಟಿದರೆ ಅಸಲಿಗೆ ಸಲ್ಲುವುದು 870. ಉಷವದಾತನ ನೇಕಾರರಿಗೆ ಅಷ್ಟೇ ಅಸಲಿನ ಮೇಲೆ ತಿಂಗಳ ಹೊರೆ 1,000 ಮಾತ್ರ, ಅದೂ ಪುಣ್ಯದ ಲೆಕ್ಕಕ್ಕೆ. ನಮ್ಮವನ 4,130ರಲ್ಲಿ ಯಾವ ಭಿಕ್ಷುವಿಗೂ ಒಂದು ಅಂಗವಸ್ತ್ರ ಸಿಕ್ಕಿಲ್ಲ.

ಶಾಸನದಲ್ಲಿ ಇನ್ನೊಂದು ವಿವರವಿದೆ, ನನಗೆ ಅದೇ ಮುಖ್ಯ. ಈ ವ್ಯವಹಾರವನ್ನು ಊರಿನ ನಿಗಮಸಭೆಯಲ್ಲಿ ಸಾರಿ, ದಫ್ತರಿನಲ್ಲಿ ಬರೆಸಿ, ಸಾಲದ್ದಕ್ಕೆ ಬಂಡೆಯ ಮೇಲೂ ಕೊರೆಸಿದರು. ಯಾರು ಯಾರಿಗೆ ಎಷ್ಟು ಕೊಟ್ಟರು, ಯಾವ ದರಕ್ಕೆ ಎನ್ನುವುದು ಇಡೀ ಗೋವರ್ಧನಕ್ಕೆ ಗೊತ್ತು. ಎಲ್ಲರಿಗೂ ಗೊತ್ತಿದ್ದ ಸಾಲದ ದರ ನೂರಕ್ಕೆ ಒಂದು. ಅವ್ವನಿಗೆ ಗೊತ್ತಾಗದ ಸಾಲದ ದರ ನೂರಕ್ಕೆ ಮೂರೂವರೆ. ನಡುವಿನ ಎರಡೂವರೆಯನ್ನು ಈ ಪ್ರಬಂಧ ‘ಗುಟ್ಟಿನ ಬಡ್ಡಿ’ ಎಂದು ಹೆಸರಿಸುತ್ತದೆ. ಸಾಲದ ಆ್ಯಪುಗಳಲ್ಲಿ ಕೆಲವು ಈ ಗುಟ್ಟನ್ನೂ ಉಳಿಸಿಕೊಡದೆ, ಫೋನಿನ ಹೆಸರುಗಳನ್ನೆಲ್ಲ ಎತ್ತಿಕೊಂಡು ನೆಂಟರಿಷ್ಟರಿಗೆ ಕರೆ ಮಾಡಿ ತಾವೇ ನಿಗಮಸಭೆ ನಡೆಸುತ್ತಿದ್ದವು. ಕಾಂಟ್ಯಾಕ್ಟುಗಳಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ನಿಯಮ ಓದುವ ಆ್ಯಪುಗಳು ಅದನ್ನು ಪಾಲಿಸುತ್ತವೆ.

ಬ್ಯಾಂಕಿನ ಎಸ್‌ಎಂಎಸ್‌ಗಳನ್ನು ಶಾಸನಗಳೆಂದು ಪರಿಗಣಿಸಿ ಪಾಠಶೋಧನೆ ಮಾಡುವ ಕೆಲಸ ಕನ್ನಡದಲ್ಲಿ ಇನ್ನೂ ಆಗಬೇಕಿದೆ. ರಚನೆ ಒಂದೇ. ‘ಪ್ರಿಯ ಗ್ರಾಹಕರೇ’ ಎಂಬ ಮಂಗಳಾಚರಣೆ. ‘ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ’ ಎಂಬ ಪ್ರಶಸ್ತಿಭಾಗ (ಕೆಲಸ ಹೋದವನನ್ನು ಇಷ್ಟು ಗೌರವದಿಂದ ಬೇರೆ ಯಾರೂ ಮಾತಾಡಿಸುವುದಿಲ್ಲ). ಆಮೇಲೆ ದಾನದ ಮೊತ್ತ, ತಿಥಿ, ಕಡೆಯಲ್ಲಿ ಶಾಪಾಶಯ. ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂದು ನಮ್ಮ ಹಳೆಯ ಶಾಸನಗಳು ಬೆದರಿಸುತ್ತಿದ್ದವು. ಈಗಿನವು ‘ನಿಮ್ಮ ಸಿಬಿಲ್ ಅಂಕಕ್ಕೆ ಧಕ್ಕೆಯಾಗುವುದು’ ಎನ್ನುತ್ತವೆ. ಹುಳುವಿಗಾದರೂ ಬಾಡಿಗೆ ಮನೆ ಕೊಡುವವನು ಅಂಕ ಕೇಳುವುದಿಲ್ಲ.

ಅಂಕದ ವಿಚಾರ ಬಂದದ್ದರಿಂದ ಧರ್ಮಶಾಸ್ತ್ರಕ್ಕೆ ಹೋಗಬೇಕು. ಭಾಲ್ಕಿಗೆ ಹತ್ತಿರದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಅದರ ಋಣಾದಾನ ಪ್ರಕರಣದಲ್ಲಿ ಬಡ್ಡಿಯ ಪಟ್ಟಿಯಿದೆ. ಒತ್ತೆ ಇಟ್ಟರೆ ತಿಂಗಳಿಗೆ ಅಸಲಿನ ಎಂಬತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಒಂದೂಕಾಲು. ಒತ್ತೆ ಇಲ್ಲದಿದ್ದರೆ ವರ್ಣಕ್ರಮದಲ್ಲಿ ಎರಡು, ಮೂರು, ನಾಲ್ಕು, ಐದು. ಮೇಲಿನವನಿಗೆ ಕಡಿಮೆ, ಕೆಳಗಿನವನಿಗೆ ಹೆಚ್ಚು. ಅಡವಿ ದಾಟಿ ವ್ಯಾಪಾರಕ್ಕೆ ಹೋಗುವವನಿಗೆ ಹತ್ತು, ಕಡಲು ದಾಟುವವನಿಗೆ ಇಪ್ಪತ್ತು. ಈ ವ್ಯವಸ್ಥೆ ಹೋಯಿತೆಂದು ತಿಳಿದವರು ತಮ್ಮ ಸಾಲದ ಅರ್ಜಿ ತೆಗೆದು ನೋಡಬೇಕು. 300ರಿಂದ 900ರವರೆಗಿನ ಸಿಬಿಲ್ ಅಂಕದಲ್ಲಿ ಎತ್ತರದವನಿಗೆ ಕಡಿಮೆ ಬಡ್ಡಿ, ಕೆಳಗಿನವನಿಗೆ ಹೆಚ್ಚು. ಪಗಾರ ನಿಂತು ಎರಡು ಕಂತು ತಪ್ಪಿದವನು ತನ್ನಷ್ಟಕ್ಕೆ ಕೆಳಗಿಳಿಯುತ್ತಾನೆ. ಆಗ ಹುಟ್ಟು ನೋಡುತ್ತಿದ್ದರು, ಈಗ ಅಂಕ ನೋಡುತ್ತಾರೆ. ಯಾರಿಗೆ ಕೈಲಾಗದೋ ಅವನಿಂದ ಹೆಚ್ಚು ಎಂಬ ತತ್ತ್ವಕ್ಕೆ ಮಾತ್ರ ಚ್ಯುತಿ ಬಂದಿಲ್ಲ.

ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬ ಹಳೆಯ ದಾಮ್‌ದುಪಟ್ ನ್ಯಾಯವನ್ನು ಮುಂಬಯಿ ಪ್ರಾಂತ್ಯದ ಕೋರ್ಟುಗಳು ಬ್ರಿಟಿಷರ ಕಾಲದಲ್ಲೂ ಎತ್ತಿಹಿಡಿದಿದ್ದವು. ಕಾರ್ಡುಗಳ ವಿಷಯಕ್ಕೆ ಬಂದರೆ, ವರ್ಷಕ್ಕೆ ನೂರಕ್ಕೆ 30 ಮೀರಿದ ಬಡ್ಡಿ ಅನುಚಿತ ವ್ಯಾಪಾರ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಹೀಗೆ ಬಡ್ಡಿಯ ಮಿತಿ ಹೋಗಿ ನಮ್ಮ ನಾಯಕ ಕಾಗದದ ಮೇಲೆ ಕಡಲು ದಾಟಿದ ವರ್ತಕನಾದ. ದಾಟಿದ್ದು ಮಾತ್ರ ವೈಜಾಪುರ ಮತ್ತು ಯೇವಲಾ, ಎಸ್‌ಟಿ ಬಸ್ಸಿನಲ್ಲಿ, ನಾಶಿಕದಲ್ಲಿ ಕೆಲಸ ಸಿಕ್ಕೀತೆಂದು.

ನಾಶಿಕದಲ್ಲಿ ಕಾಟ್ ಬೇಸಿಸ್ ಮೇಲೆ ಒಂದು ಮಂಚ ಹಿಡಿದ. ನಾಶಿಕ ರೋಡಿನಲ್ಲಿ 1928ರಿಂದ ನೋಟು ಅಚ್ಚು ಹಾಕುವ ಕರೆನ್ಸಿ ನೋಟ್ ಪ್ರೆಸ್ಸಿದೆ. ನೋಟಿನ ಕಾರ್ಖಾನೆಯಿರುವ ಊರಿನಲ್ಲೇ ನೋಟಿಲ್ಲದೆ ಮಲಗುವುದು ಹೇಗೆ ಎಂಬುದು ಅರ್ಥಶಾಸ್ತ್ರಜ್ಞರಿಗೆ ಬಿಟ್ಟ ಪ್ರಶ್ನೆ. (ಪಕ್ಕದ ಸೆಕ್ಯುರಿಟಿ ಪ್ರೆಸ್ಸಿನ ಹಳೇ ಯಂತ್ರಗಳಿಂದ ಛಾಪಾಕಾಗದ ಮಾಡಿ ಈ ಸಮಸ್ಯೆಗೆ ಪರಿಹಾರ ಕಂಡುಕೊಂಡ ಖಾನಾಪುರದ ಅಬ್ದುಲ್ ಕರೀಂ ತೆಲಗಿಯೂ ಕರ್ನಾಟಕದವರೇ, ಆ ವಿಧಾನವನ್ನು ಈ ಪ್ರಬಂಧ ಶಿಫಾರಸು ಮಾಡುವುದಿಲ್ಲ.) ತ್ರ್ಯಂಬಕಕ್ಕೆ ಹೋಗಿ ಪಿತೃಋಣ ತೀರಿಸುವ ವ್ಯವಸ್ಥೆಯುಂಟು. ಕಾರ್ಡಿನ ಋಣಕ್ಕೆ ಅಲ್ಲಿನ ಕುಶಾವರ್ತ ಕುಂಡದಲ್ಲಿ ಕೌಂಟರಿಲ್ಲ.

ಸಾಲ, ಖರ್ಚು ನಿಭಾಯಿಸುವುದಕ್ಕೆ ಇತಿಹಾಸದಿಂದ ಎರಡು ಮಾದರಿಗಳು ಸಿಗುತ್ತವೆ, ಎರಡೂ ಸಂಭಾಜಿನಗರದ ಸುತ್ತಿನವು. 1327ರಲ್ಲಿ ದೇವಗಿರಿಗೆ ರಾಜಧಾನಿ ತಂದ ಮುಹಮ್ಮದ್ ಬಿನ್ ತುಘಲಕ್ ಕೆಲವೇ ವರ್ಷಗಳಲ್ಲಿ ಬೆಳ್ಳಿಯ ಟಂಕದ ಬೆಲೆಗೆ ಹಿತ್ತಾಳೆ, ತಾಮ್ರದ ನಾಣ್ಯ ಚಲಾವಣೆಗೆ ಬಿಟ್ಟ. ಜನ ಮನೆಮನೆಯಲ್ಲಿ ನಾಣ್ಯ ಬಡಿದರು. ಕೊನೆಗೆ ಖೊಟ್ಟಿಯನ್ನೂ ಖರೆಯೆಂದೇ ತೆಗೆದುಕೊಂಡು ಖಜಾನೆಯ ಬೆಳ್ಳಿ ಎಣಿಸಿ ಕೊಟ್ಟ. ಗಮನಿಸಬೇಕು: ಒಂದು ಪೈಸೆಯೂ ಸೆಟಲ್‌ಮೆಂಟ್ ಕೇಳಲಿಲ್ಲ, ಪೂರ್ತಿ ತೀರಿಸಿದ. ಇಂದಿನ ಲೆಕ್ಕದಲ್ಲಿ 900 ಅಂಕ ಬರಬೇಕಾದವನು. ಆದರೂ ಗಿರೀಶ ಕಾರ್ನಾಡರು 1964ರಲ್ಲಿ ಅವನ ಮೇಲೆ ನಾಟಕ ಬರೆದರು, ನಾವು ಕಂಡಕಂಡ ಅವಾಂತರಕ್ಕೆಲ್ಲ ‘ತುಘಲಕ್ ದರ್ಬಾರು’ ಎನ್ನುತ್ತೇವೆ. ಸಾಲ ತೀರಿಸಿದವನಿಗೆ ಮರ್ಯಾದೆ ತಾನಾಗಿ ಬರುತ್ತದೆಂಬ ನಂಬಿಕೆಗೆ ಆಧಾರ ಸಾಲದು.

ಇನ್ನೊಂದು ಮಾದರಿ ಬೀಬೀ ಕಾ ಮಕ್ಬರಾ. ತಾಜಮಹಲಿನ ಬಡ ತಂಗಿ ಎಂದು ಪ್ರವಾಸಿಗಳು ಮೂಗು ಮುರಿಯುತ್ತಾರೆ. ಔರಂಗಜೇಬ ಅದಕ್ಕೆ ಮಂಜೂರು ಮಾಡಿದ್ದು 7,00,000 ರೂಪಾಯಿ. ಗುಲಾಂ ಮುಸ್ತಫಾನ ತವಾರೀಖ್‌ನಾಮಾದ ಪ್ರಕಾರ ಖರ್ಚಾದದ್ದು 6,68,203 ರೂಪಾಯಿ 7 ಆಣೆ. ಮಂಜೂರಾದ ಮಿತಿಯನ್ನು ಪೂರ್ತಿ ಬಳಸದೆ 31,796 ರೂಪಾಯಿ 9 ಆಣೆ ಉಳಿಸಿದ ಇನ್ನೊಂದು ರಾಜಸ್ಮಾರಕ ನನ್ನ ಗಮನಕ್ಕೆ ಬಂದಿಲ್ಲ. ಅಮೃತಶಿಲೆ ಕೈಗೆಟಕುವಷ್ಟು ಎತ್ತರಕ್ಕೆ, ಮೇಲೆ ಬಹುಪಾಲು ಗಾರೆ. ಲಿಮಿಟ್ ಇರುವುದು ಮುಟ್ಟುವುದಕ್ಕಲ್ಲ ಎಂದು ಆ ಗಾರೆ ಸಾರುತ್ತಿದೆ, ಪ್ರವಾಸಿಗಳಿಗೆ ಕೇಳಿಸುವುದಿಲ್ಲ.

ಹಲವು ಸಾಲಗಳಿದ್ದಾಗ ಯಾವುದನ್ನು ಮೊದಲು ತೀರಿಸಬೇಕು ಎಂಬಲ್ಲಿ ಎರಡು ದರ್ಶನಗಳಿವೆ. ಸಂಭಾಜಿನಗರದ ನೀರಗಿರಣಿಯ ಹೆಸರು ಹೊತ್ತ ಪನ್‌ಚಕ್ಕಿ ಪಂಥದವರು ಚಿಕ್ಕದನ್ನು ಮೊದಲು ಮುಗಿಸಿ, ಉಳಿದ ಕಂತಿನ ನೀರನ್ನು ಮುಂದಿನ ಸಾಲದ ಕಾಲುವೆಗೆ ತಿರುಗಿಸಿ ಎನ್ನುತ್ತಾರೆ. ಮನಸ್ಸಿಗೆ ಹಿತ. ಕೈಲಾಸ ಪಂಥದವರು ಒಪ್ಪುವುದಿಲ್ಲ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸನಾಥನನ್ನು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡಿಯುತ್ತ ಬಂದರು. ಕಲ್ಲು ತಂದು ಕಟ್ಟಲಿಲ್ಲ, ಇದ್ದದ್ದನ್ನು ತೆಗೆದರು. ಹಾಗೆ ಅತಿ ಎತ್ತರದ ಬಡ್ಡಿಯನ್ನು ಮೊದಲು ಕಡಿಯಬೇಕು, ಹೊಸ ಕಲ್ಲು ತರಲೇಬಾರದು, ಎಂದರೆ ಕಾರ್ಡು ತೀರಿಸಲು ಆ್ಯಪು ತೆರೆಯಬಾರದು. ಲೆಕ್ಕ ಕೈಲಾಸದವರ ಕಡೆಗಿದೆ, ನಾನೂ ಅವರ ಕಡೆಗೇ. ಒಂದೇ ಸಂದೇಹ: ಕೃಷ್ಣನಿಗೆ ತಿಂಗಳು ತಿಂಗಳು ಪಗಾರ ಬರುತ್ತಿತ್ತು.

ಪಗಾರವಿಲ್ಲದವನಿಗೆ ಇರುವ ಸೌಲಭ್ಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇವುಗಳಲ್ಲಿ ತಮಾಷೆ ಕಡಿಮೆ. ಇಎಸ್‌ಐ ಕಡಿತವಾಗುತ್ತಿದ್ದ ಕಾರ್ಮಿಕನಿಗೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಡಿ, ಷರತ್ತುಗಳಿಗೆ ಒಳಪಟ್ಟರೆ, ಸರಾಸರಿ ದಿನಗೂಲಿಯ ಅರ್ಧದಷ್ಟು 90 ದಿನಗಳವರೆಗೆ ಸಿಗುತ್ತದೆ. ಅರ್ಜಿ ಹಾಕಿದವರಿಗಿಂತ ಹೆಸರೇ ಕೇಳದವರನ್ನು ನಾನು ಹೆಚ್ಚು ಕಂಡಿದ್ದೇನೆ. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ, ಅಷ್ಟರೊಳಗೆ ಬ್ಯಾಂಕಿಗೆ ಹೋಗಿ ಬಾಯಿಬಿಟ್ಟರೆ ಕಂತಿನ ಅವಧಿ ಹಿಗ್ಗಿಸುವ ಮಾತಿಗೆ ಜಾಗವಿರುತ್ತದೆ. ರಿಯಾಯಿತಿಯಲ್ಲಿ ಮುಗಿಸಿದ ಸಾಲಕ್ಕೆ ‘ಸೆಟಲ್ಡ್’ ಎಂಬ ಹಣೆಬರಹ ಬೀಳುತ್ತದೆ, ‘ಕ್ಲೋಸ್ಡ್’ ಎಂಬುದಲ್ಲ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಬಾರದು. ಮಾಡಿದರೆ ಮೊದಲು ಬ್ಯಾಂಕಿಗೇ ಬರೆದು ದೂರಬೇಕು, ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ. ಇವೆಲ್ಲವೂ ಸಾಲವಿದೆಯೆಂದು ಒಬ್ಬರ ಮುಂದೆ ಹೇಳಿದ ಮೇಲಷ್ಟೇ ಉಪಯೋಗಕ್ಕೆ ಬರುವಂಥವು.

ನಾಯಕ ಕೊನೆಗೆ ಹೇಳಿದ್ದು ಅಪ್ಪನಿಗೆ. ಅಪ್ಪ ಸಾಲಶಾಸ್ತ್ರದಲ್ಲಿ ಮಗನಿಗಿಂತ ಹಿರಿಯ ವಿದ್ವಾಂಸ: ಸೊಸೈಟಿಯ ಬೆಳೆಸಾಲ ಬಡ್ಡಿಯಿಲ್ಲದೆ ತರುತ್ತಾನೆ, ವಾಯಿದೆಗೆ ಮುನ್ನಾದಿನ ಕಟ್ಟುತ್ತಾನೆ, ಮರುದಿನ ಮತ್ತೆ ತರುತ್ತಾನೆ. ಮೊತ್ತ ಕೇಳಿ ಸುಮ್ಮನಿದ್ದ. ಬಡ್ಡಿ ಕೇಳಿ ಎದ್ದು ಕೂತ.

“ನೂರಕ್ಕ ಮೂರೂವರೀನಾ? ನಮ್ಮೂರ ಸಾವಕಾರನೇ ಎರಡಕ್ಕ ಕೊಡ್ತಾನಲ್ಲೋ ಮಬ್ಬ! ನನಗ್ಯಾಕ ಹೇಳಲಿಲ್ಲ?”

“ಮರ್ಯಾದಿ ಅಪ್ಪಾ.”

“ಮರ್ಯಾದಿಗೆ ನೂರಕ್ಕ ಒಂದೂವರಿ ಬಿತ್ತೇನ?”

ನಾನು ಎರಡೂವರೆ ಎಂದು ಕಂಡುಹಿಡಿದದ್ದನ್ನು ಅವನು ಮಾರುಕಟ್ಟೆಯ ದರ ಹಿಡಿದು ತಿದ್ದಿದ. ಪಾಂಡಿತ್ಯಕ್ಕೆ ಇದು ಸಹಜ. ಸಾವಕಾರನ ಕಡೆಗೂ ಹೋಗಲಿಲ್ಲ. ಅವ್ವನ ಪಾಟ್ಲಿಗಳನ್ನು ಸರ್ಕಾರಿ ಬ್ಯಾಂಕಿನಲ್ಲಿ ಒತ್ತೆ ಇಟ್ಟರು. ವರ್ಷಕ್ಕೆ ನೂರಕ್ಕೆ ಒಂಬತ್ತರ ಆಸುಪಾಸು, ಅಂದರೆ ಉಷವದಾತನ ಎರಡನೆಯ ಶ್ರೇಣಿಯ ದರ, ವಿಜ್ಞಾನೇಶ್ವರನ ಒತ್ತೆಯ ದರಕ್ಕಿಂತಲೂ ಕಡಿಮೆ. ಬಂದ ಹಣದಲ್ಲಿ ಕಾರ್ಡನ್ನು ನೆತ್ತಿಯಿಂದ ಕಡಿದರು. ಬೈಕು ಮಾರಿ ಆ್ಯಪುಗಳನ್ನು ಮುಗಿಸಿದರು. ಪಾಟ್ಲಿ ಹರಾಜಿಗೆ ಹೋಗುವ ಅಪಾಯ ಇದ್ದೇ ಇದೆ ಎಂದು ಟೀಕಾಕಾರರು ಎತ್ತುವ ಆಕ್ಷೇಪ ನ್ಯಾಯವಾದದ್ದು.

ಅದಕ್ಕೆ ಅಪ್ಪ ತನ್ನದೇ ಏರ್ಪಾಡು ಮಾಡಿಕೊಂಡಿದ್ದಾನೆ. ನಾಯಕನಿಗೆ ಅಂಬಡದಲ್ಲಿ ಮೊದಲಿಗಿಂತ ಕಡಿಮೆ ಪಗಾರದ ಕೆಲಸ ಸಿಕ್ಕಿದೆ, ರಾತ್ರಿಪಾಳಿ. ಹೊಲಕ್ಕೆ ಹೊರಡುವ ಮುಂಚೆ, ಬೆಳಗಿನ ಐದಕ್ಕೆ, ಫೋನು ಬರುತ್ತದೆ: “ಪಾಟ್ಲೀದು ತುಂಬಿದೇನಲೇ?” ರಿಸರ್ವ್ ಬ್ಯಾಂಕಿನ ಎಂಟು ಗಂಟೆಯ ನಿಯಮ ಇವರಿಗೆ ಅನ್ವಯಿಸುವುದಿಲ್ಲ.